ಸೂಲಗಿತ್ತಿ ದೇವಿಯ ಸೊಪ್ಪು

ಪ್ರಾಚೀನ ಗ್ರೀಕರ ಆರ್ಟೆಮಿಸ್ ಬೇಟೆಯ ದೇವತೆ, ಕಾಡುಮೃಗಗಳ ಒಡತಿ. ಹೆರಿಗೆ ನೋವಿನಲ್ಲಿರುವ ಹೆಂಗಸರು ಕೂಗಿ ಕರೆಯುತ್ತಿದ್ದುದೂ ಅವಳನ್ನೇ. ಲೇಟೋಗೆ ಹುಟ್ಟಿದ ಅವಳಿಗಳಲ್ಲಿ ಮೊದಲು ಬಂದವಳು ಆಕೆ. ಕಣ್ಣುಬಿಟ್ಟ ಕೂಡಲೇ ತಮ್ಮ ಅಪೊಲೊ ಹುಟ್ಟುವುದಕ್ಕೆ ತಾಯಿಗೆ ನೆರವಾದಳು ಎಂದು ಪುರಾಣ ಹೇಳುತ್ತದೆ. ಕನ್ನೆಯಾಗಿಯೇ ಉಳಿದ ದೇವಿ ಸೂಲಗಿತ್ತಿಯಾದದ್ದು ಹೀಗೆ.

ಅವಳಿಗೆ ಸೇರಿದ್ದೆಂದು ಎಣಿಸಿದ ಸಸ್ಯಗಳ ಕುಲ ಆರ್ಟೆಮಿಸಿಯ, ಸೇವಂತಿಗೆಯ ಕುಟುಂಬದ್ದು. ಕನ್ನಡಿಗರಿಗೆ ಇದು ಹೊಸದಲ್ಲ. ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿನ ಮಾಚಿಪತ್ರೆ, ಮಾಲೆಯ ಹೂಗಳ ನಡುವೆ ಸೇರಿಸಿ ಕಟ್ಟುವ ದವನ ಎರಡೂ ಇದೇ ಕುಲದವು. ಯುರೋಪಿನಲ್ಲಿ ದೇವಿಯ ಗಿಡವಾಗಿ ಮೆರೆದದ್ದು ಮಾಚಿಪತ್ರೆಯ ಹತ್ತಿರದ ನಂಟಾದ ಆರ್ಟೆಮಿಸಿಯ ವಲ್ಗ್ಯಾರಿಸ್. ಎಲೆಯ ಮೇಲ್ಮೈ ಕಡುಹಸಿರು, ಅಡಿಭಾಗ ಬೆಳ್ಳಗೆ, ನವಿರು ರೋಮ. ದಾರಿಬದಿ, ಹಾಳುಬಿದ್ದ ಜಾಗ, ಬೇಲಿಯ ಸಂದು ಎಲ್ಲಾದರೂ ಆಳೆತ್ತರಕ್ಕೆ ಬೆಳೆಯುತ್ತದೆ. ದೇವಸ್ಥಾನದ ತೋಟವನ್ನು ಬಿಟ್ಟು ಇಂಥಲ್ಲಿ ಹುಟ್ಟುವುದು ಕಾಡಿನ ದೇವಿಗೆ ಒಪ್ಪುವ ಗುಣವೇ.

1ನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಈ ಗಿಡವನ್ನು ಕುದಿಸಿದ ನೀರಿನಲ್ಲಿ ಹೆಂಗಸರನ್ನು ಕೂರಿಸಲು ಹೇಳುತ್ತಾನೆ: ನಿಂತ ಮುಟ್ಟು ಬರಲು, ಹೆರಿಗೆಯ ಬಳಿಕ ಕಸ ಬೀಳಲು. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಇನ್ನೊಂದು ಮಾತು ಸೇರಿಸುತ್ತಾನೆ. ಇದನ್ನು ಮೈಗೆ ಕಟ್ಟಿಕೊಂಡ ದಾರಿಹೋಕನಿಗೆ ದಣಿವಾಗದಂತೆ! ಮೊದಲನೆಯದು ಬಾಣಂತಿಕೋಣೆಯ ಮದ್ದು, ಎರಡನೆಯದು ಬರೀ ತಾಯಿತ. ಆದರೂ ತಾಯಿತವೂ ಬಹುಕಾಲ ಬಾಳಿತು. 1656ರಲ್ಲಿ ಇಂಗ್ಲೆಂಡಿನ ಮೂಲಿಕಾತಜ್ಞ ವಿಲಿಯಂ ಕೋಲ್ಸ್, ಬೆಳಿಗ್ಗೆ ಈ ಸೊಪ್ಪನ್ನು ಜೋಡಿನೊಳಗೆ ಇಟ್ಟುಕೊಂಡವನು ಮಧ್ಯಾಹ್ನದೊಳಗೆ 40 ಮೈಲಿ ನಡೆದರೂ ಸುಸ್ತಾಗುವುದಿಲ್ಲ ಎಂದು ಬರೆದ. ಅಂಗಾಲಿಗೆ ತಂಪಾದೀತು, 40 ಮೈಲಿ ಮಾತ್ರ ಭಕ್ತಿಯ ಲೆಕ್ಕ.

ರೋಮನ್ನರು ಆರ್ಟೆಮಿಸ್‌ಳನ್ನು ಡಯಾನಾ ಎಂದರು. ಅಪುಲೇಯಸನ ಹೆಸರಿನಲ್ಲಿ ಹಬ್ಬಿದ ಮೂಲಿಕಾಗ್ರಂಥದ ಪ್ರಕಾರ ಈ ಸೊಪ್ಪನ್ನು ಕಂಡುಹಿಡಿದವಳು ಡಯಾನಾ. ಅರ್ಧ ಮನುಷ್ಯ ಅರ್ಧ ಕುದುರೆಯಾದ ಕೈರಾನ್ ಅವಳಿಂದ ಅದನ್ನು ಕಲಿತು ಔಷಧ ಮಾಡಿದ. ಆ ಗ್ರಂಥ ಕ್ರೈಸ್ತ ಮಠಗಳಲ್ಲೂ ಪ್ರತಿಯಾಗುತ್ತ ಬಂತು. ದೇವಿಯ ಪೂಜೆ ನಿಂತಿತು, ಸೊಪ್ಪು ನಿಲ್ಲಲಿಲ್ಲ. ಜರ್ಮನ್ ಮಾತಾಡುವ ಸೀಮೆಗಳಲ್ಲಿ ಜೂನ್ 23ರ ರಾತ್ರಿ, ಸಂತ ಯೋಹಾನನ ಹಬ್ಬದ ಮುನ್ನಾದಿನ, ಈ ಸೊಪ್ಪನ್ನು ನಡುಪಟ್ಟಿಯಂತೆ ಸುತ್ತಿಕೊಂಡು ಬೆಂಕಿಯ ಸುತ್ತ ಕುಣಿದು ಕೊನೆಗೆ ಅದನ್ನು ಉರಿಗೆ ಎಸೆಯುತ್ತಿದ್ದರು. ಮೈಯ ಕಾಯಿಲೆಯೂ ಅದರೊಡನೆ ಸುಟ್ಟುಹೋಗಲೆಂದು.

ಅಡುಗೆಮನೆಯ ಬಳಕೆಗೆ ಇಷ್ಟು ಸಂಭ್ರಮ ಬೇಕಿಲ್ಲ, ಆದರೆ ಹದ ಬೇಕು. ಮೊಗ್ಗು ಅರಳುವ ಮುನ್ನವೇ ತುದಿಗಳನ್ನು ಕೊಯ್ಯಬೇಕು. ಅರಳಿದ ಮೇಲೆ ಕಹಿ ಏರುತ್ತದೆ. ಇಬ್ಬನಿ ಆರಿದ ಹೊತ್ತಿನಲ್ಲಿ ಕೊಯ್ದು, ಸಣ್ಣ ಕಟ್ಟು ಮಾಡಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಕಂಪು ಉಳಿಯುತ್ತದೆ. ಬಿಸಿಲಿಗೆ ಹರಡಿದರೆ ಅದರೆಣ್ಣೆ ಹಾರಿಹೋಗುತ್ತದೆ. ಒಣಗಿದ ಮೊಗ್ಗುಗಳನ್ನು ಅಂಗೈಯಲ್ಲಿ ಉಜ್ಜಿದಾಗ ಬರುವ ಘಾಟು, ಕರ್ಪೂರ ಬೆರೆತ ಹುಲ್ಲಿನ ವಾಸನೆ, ಕೊಯ್ದವರಿಗೆ ಸಿಗುವ ಮೊದಲ ಕೂಲಿ. ಜರ್ಮನರು ಕೊಬ್ಬಿದ ಬಾತುಕೋಳಿಯನ್ನು ಸುಡುವಾಗ ಇದನ್ನು ಹಾಕುತ್ತಾರೆ; ಕಹಿ ಜಿಡ್ಡನ್ನು ಮುರಿಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನ ಬಳಕೆ ಹಬ್ಬುವ ಮುನ್ನ ಬಿಯರಿಗೂ ಇದೇ ಕಹಿ ಸೇರುತ್ತಿತ್ತು.

ಕುಲದ ಇನ್ನೊಂದು ಗಿಡ ಆರ್ಟೆಮಿಸಿಯ ಆನ್ಯುವ ಚೀನಾದಲ್ಲಿ ಜ್ವರದ ಮದ್ದು. 4ನೆಯ ಶತಮಾನದ ವೈದ್ಯ ಗೆ ಹೊಂಗ್ ಅದನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಬರೆದಿದ್ದ. ಆ ಸುಳಿವು ಹಿಡಿದ ಚೀನೀ ವಿಜ್ಞಾನಿ ತೂ ಯೂಯೂ, ಕಡಿಮೆ ಉಷ್ಣದಲ್ಲಿ ಸಾರ ತೆಗೆದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕೊಟ್ಟರು. 2015ರಲ್ಲಿ ನೊಬೆಲ್ ಪಡೆದರು. ಆದರೆ ಈ ಗುಣ ದೇವಿಯ ಸೊಪ್ಪಿನದಲ್ಲ. ಒಂದೇ ಕುಲವೆಂದು ಒಂದರ ಬದಲು ಇನ್ನೊಂದು ಕುಡಿದರೆ ಜ್ವರ ಬಿಡದು. ಗರ್ಭಿಣಿಯರು ದೇವಿಯ ಸೊಪ್ಪನ್ನು ಮದ್ದಾಗಿ ಸೇವಿಸಲೇಬಾರದು. ಸೇವಂತಿಗೆ ಜಾತಿಯ ಹೂಗಳು ಒಗ್ಗದವರಿಗೆ ಇದರ ಪರಾಗದಿಂದಲೂ ಸೀನು, ಕಣ್ಣುರಿ ತಪ್ಪಿದ್ದಲ್ಲ.