ಓಡಬಾರದು ಎಂದು ಹೇಳಿಕೊಟ್ಟ ಮಾಮ

ಕೋತಗಿರಿಯಲ್ಲಿ ನನ್ನದೊಂದು ಸಣ್ಣ ಬೇಕರಿ. ಉಪ್ಪಳದಿಂದ ಇಲ್ಲಿಗೆ ಬಂದು 14 ವರ್ಷ ಆಯಿತು. ಊರಿಗೆ ಹೋದಾಗ ಎಲ್ಲರೂ ಮೊದಲು ಚಳಿ ಹೇಗಿದೆ ಅಂತ ಕೇಳುತ್ತಾರೆ, ಆಮೇಲೆ ಆನೆ, ಚಿರತೆಯ ಸುದ್ದಿ. ಕರಡಿಯ ವಿಷಯ ಯಾರೂ ಎತ್ತುವುದಿಲ್ಲ. ನಾವು ಇಲ್ಲಿ ಸಂಜೆಯ ಮೇಲೆ ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತಾ ನಡೆಯುವುದು ಹೆಚ್ಚಾಗಿ ಅದಕ್ಕೇ ಹೆದರಿ. ಕೂಲಿ ಆಳು ಸಿಗದೆ ಪಾಳು ಬಿದ್ದ ಚಹಾ ತೋಟಗಳಲ್ಲಿ ಲಂಟಾನ ಆಳೆತ್ತರ ಬೆಳೆದಿದೆ, ಕರಡಿಗೆ ಹಗಲು ಮಲಗಲು ಅಷ್ಟು ಸಾಕು. ರಾತ್ರಿ ಹಣ್ಣು ಹುಡುಕಿಕೊಂಡು ಬರುತ್ತದೆ. ಗುಡಿಯ ದೀಪದ ಎಣ್ಣೆ, ಅಂಗಡಿಯ ಸಕ್ಕರೆ ಯಾವುದನ್ನೂ ಬಿಡುವುದಿಲ್ಲ. ನನ್ನ ಬೇಕರಿಯ ಹಿಂಬಾಗಿಲಿಗೆ ಕಬ್ಬಿಣದ ತಗಡು ಹೊಡೆಸಿದ್ದು ಒಮ್ಮೆ ಡಾಲ್ಡಾ ಡಬ್ಬ ಹೋದ ಮೇಲೆ.

ಕಳೆದ ಜೂನ್‌ನಲ್ಲಿ ತಂಗಿ ಫೋನ್ ಮಾಡಿದಳು. ಮಗನಿಗೆ ಕಾಲೇಜು ಶುರುವಾಗಲು ಇನ್ನೂ ಮೂರು ವಾರ ಇದೆ, ಕೋಣೆಯಿಂದ ಹೊರಗೇ ಬರುವುದಿಲ್ಲ, ಕತ್ತಲೆ ಎಂದರೆ ಈಗಲೂ ಭಯ. "ಸ್ವಲ್ಪ ಬೆಟ್ಟಗಿಟ್ಟ ಹತ್ತಿಸು, ಗಂಡಸಾಗಲಿ" ಅಂದಳು. ಹುಡುಗ ಕೊಯಮತ್ತೂರಿನ ತನಕ ರೈಲಿನಲ್ಲಿ, ಮೆಟ್ಟುಪಾಳ್ಯದಿಂದ ಬಸ್ಸಿನಲ್ಲಿ ಬಂದ. ತಂಗಿ ಒಂದು ಡಬ್ಬ ತುಂಬ ಕಲ್ತಪ್ಪ ಕಟ್ಟಿ ಕಳಿಸಿದ್ದಳು.

ನಾಳೆ ಬೆಟ್ಟ ಎಂದಾಗ ಅವನು ಕೇಳಿದ್ದೇ ಕರಡಿಯ ಬಗ್ಗೆ. ಅಮೆರಿಕದ ವಿಡಿಯೋಗಳನ್ನು ನೋಡಿದ್ದನಂತೆ. ಮೆಣಸಿನ ಸ್ಪ್ರೇ ತಂದಿದ್ದೀರಾ ಮಾಮ, ಮರ ಹತ್ತಿದರೆ ಆಗುತ್ತದಾ ಅಂತೆಲ್ಲ ಕೇಳಿದ. ನಾನು ನಕ್ಕೆ. ಆಮೇಲೆ ತಿಳಿದದ್ದನ್ನು ಹೇಳಿದೆ. ನಮ್ಮ ಕರಡಿ ಆ ಕಂದು ಕರಡಿಯ ಹಾಗೆ ದೊಡ್ಡದಲ್ಲ. ಗಂಡಾದರೆ ನೂರು ಕಿಲೋದ ಆಚೀಚೆ, ಕಪ್ಪು ಜಡೆಗೂದಲು, ಎದೆಯ ಮೇಲೆ ಬಿಳಿ ಪಟ್ಟಿ. ತಿನ್ನುವುದು ಗೆದ್ದಲು, ಇರುವೆ, ಹಣ್ಣು, ಜೇನು. ಗೆದ್ದಲನ್ನು ಹೀರಲೆಂದೇ ಮೇಲಿನ ಸಾಲಿನ ಎದುರಿನ ಎರಡು ಹಲ್ಲು ಅದಕ್ಕೆ ಇರುವುದಿಲ್ಲ. ಮನುಷ್ಯನನ್ನು ತಿನ್ನಲು ಬರುವುದಿಲ್ಲ, ಆದರೆ ಹತ್ತಿರದಲ್ಲಿ ಗಾಬರಿಯಾದರೆ ಮೈಮೇಲೆ ಬೀಳುತ್ತದೆ, ಅದೂ ಮುಖಕ್ಕೆ, ತಲೆಗೆ. ಕಣ್ಣು ಮಂದ, ಮೂಗು ಬಹಳ ಚುರುಕು. ಗೆದ್ದಲು ಅಗೆಯುತ್ತಾ ಇದ್ದರೆ ನಾವು ಬಂದದ್ದೂ ತಿಳಿಯುವುದಿಲ್ಲ. ಅದಕ್ಕೆ ದೂರದಿಂದಲೇ ಸದ್ದು ಮಾಡುತ್ತಾ ಹೋಗಬೇಕು. ಮರ ಹತ್ತಿದರೆ ಅದೂ ಹತ್ತುತ್ತದೆ. ಓಡಿದರೆ ನಮಗಿಂತ ಜೋರಾಗಿ ಓಡುತ್ತದೆ. ಕಂಡರೆ ಅದರ ಕಡೆ ಮುಖ ಮಾಡಿಯೇ ನಿಧಾನ ಹಿಂದೆ ಸರಿಯಬೇಕು. ಮೈಮೇಲೆ ಬಂದೇಬಿಟ್ಟರೆ ಬೆನ್ನಿನ ಚೀಲ ಬಿಚ್ಚದೆ ಕವುಚಿ ಮಲಗಿ, ಎರಡೂ ಕೈಯಲ್ಲಿ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಬೇಕು.

"ಓಡಬಾರದು ಮೋನೇ, ಅದೊಂದು ನೆನಪಿಟ್ಟುಕೋ" ಅಂತ ಮೂರು ಸಲ ಹೇಳಿರಬೇಕು.

ಅವನ ಭಯ ನನಗೆ ಹೊಸದಲ್ಲ. ಸಣ್ಣವನಿದ್ದಾಗ ನಾನೂ ಹೀಗೇ ಇದ್ದೆ. ಆಗ ಕಲಂದರ್‌ಗಳು ಮೂಗುದಾರ ಹಾಕಿದ ಕರಡಿಯನ್ನು ನಡೆಸಿಕೊಂಡು ನಮ್ಮ ಓಣಿಗೂ ಬರುತ್ತಿದ್ದರು. ಉಮ್ಮಮ್ಮ ದುಡ್ಡು ಕೊಟ್ಟು ಒಂದಿಷ್ಟು ಕೂದಲು ತೆಗೆದುಕೊಂಡು ತಾವೀಝಿನಲ್ಲಿ ಹಾಕಿ ನನ್ನ ತೋಳಿಗೆ ಕಟ್ಟಿದ್ದರು, ಹೆದರಿಕೆ ಹೋಗಲೆಂದು. 1972ರ ವನ್ಯಜೀವಿ ಕಾಯ್ದೆ ಬಂದು ಎಷ್ಟೋ ವರ್ಷ ಆಗಿತ್ತು, ಓಣಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕುಣಿಯುವ ಕರಡಿ ಈಗ ಇಲ್ಲ. ಅವುಗಳಲ್ಲಿ ಕೆಲವನ್ನು ಬನ್ನೇರುಘಟ್ಟದಲ್ಲಿ ತಂದು ಸಾಕಿದರು. ಆ ಮೂಗಿನ ತೂತು ನೆನಪಾದರೆ ಈಗಲೂ ಸಂಕಟವಾಗುತ್ತದೆ, ಆದರೆ ತಾವೀಝ್ ಕಟ್ಟಿದ ರಾತ್ರಿ ನಾನು ಒಬ್ಬನೇ ಮಲಗಿದ್ದೂ ನಿಜ.

ತಪ್ಪುಗಳನ್ನು ನಾನೇ ಮಾಡಿದೆ. ಬಿಸಿಲು ಏರುವ ಮೊದಲು ಮೇಲೆ ತಲುಪಬೇಕೆಂದು ಸುಬಹಿ ನಮಾಝ್ ಮುಗಿಸಿ ಆರು ಗಂಟೆಗೇ ಹೊರಟೆವು. ಕರಡಿ ಮೇಯ್ದು ಪೊದೆಗೆ ಹಿಂದಿರುಗುವ ಹೊತ್ತು ಅದೇ. ಜೊತೆಗೆ ಬರಬೇಕಿದ್ದ ಬಡಗ ಗೆಳೆಯ ಹಾಲು ಹಾಕಿ ಎಂಟಕ್ಕೆ ಬರುತ್ತೇನೆ ಅಂದಿದ್ದ, ಕಾಯಲಿಲ್ಲ. ತೋಟದ ದಾರಿಯಲ್ಲಿ ನೇರಳೆ ಬೀಜ ತುಂಬಿದ ಲದ್ದಿ ಕಂಡೆ, ಇನ್ನೂ ಒದ್ದೆಯಾಗಿತ್ತು. ಅವನಿಗೆ ತೋರಿಸಲಿಲ್ಲ, ಹೆದರಿಸುವುದು ಯಾಕೆಂದು. ಧೈರ್ಯ ಬರಲಿ ಎಂದು ಅವನನ್ನೇ ಮುಂದೆ ಬಿಟ್ಟೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅದನ್ನೂ ತೆಗೆಯಲು ಹೇಳಲಿಲ್ಲ.

ತಿರುವಿನ ಆಚೆ ನೇರಳೆ ಮರದಡಿ ಅದು ಇತ್ತು. ಹತ್ತಿಪ್ಪತ್ತು ಹೆಜ್ಜೆ ದೂರ ಅಷ್ಟೇ. ಮೊದಲು ಕಪ್ಪು ಬಂಡೆ ಅಂದುಕೊಂಡೆ. ಬಂಡೆಯ ಬೆನ್ನ ಮೇಲೆ ಇನ್ನೊಂದು ತಲೆ ಎದ್ದಾಗ ತಾಯಿ ಅಂತ ತಿಳಿಯಿತು, ಮರಿಯನ್ನು ಹೊತ್ತುಕೊಂಡಿದೆ. ಅದು ಎರಡು ಕಾಲ ಮೇಲೆ ನಿಂತು ಮೂಗೆತ್ತಿ ಗಾಳಿ ಹೀರಿತು.

ಓಡಿದೆ. ಯೋಚಿಸಿ ಓಡಿದ್ದಲ್ಲ. ಕಾಲು ತಾನಾಗಿ ಇಳಿಜಾರಿಗೆ ತಿರುಗಿತು. ಕವಾತು ಮಾಡಿದ ಚಹಾ ಗಿಡದ ಬೊಡ್ಡೆಗೆ ಎಡವಿ ಬಿದ್ದಾಗ ಮೊಣಕಾಲು ಕಿತ್ತು ಬಂತು. ಆಮೇಲೆ ಹುಡುಗನ ನೆನಪಾಯಿತು. ಆಮೇಲೆ.

ತಲೆ ಎತ್ತಿ ನೋಡಿದರೆ ಅವನು ನಿಂತೇ ಇದ್ದ. ಎರಡೂ ಕೈ ಬೆನ್ನಿನ ಚೀಲದ ಪಟ್ಟಿಯ ಮೇಲೆ, ಮುಖ ಕರಡಿಯ ಕಡೆ. ಒಂದು ಹೆಜ್ಜೆ ಹಿಂದೆ, ಮತ್ತೊಂದು ಹೆಜ್ಜೆ ಹಿಂದೆ. ಕರಡಿ ಒಮ್ಮೆ ಗುರುಗುಟ್ಟಿತು, ಅವನು ನಿಂತ. ಅದು ಕೆಳಗಿಳಿದು, ಮರಿಯೊಂದಿಗೆ ಲಂಟಾನದೊಳಗೆ ಹೋಯಿತು. ಪೊದೆ ಅಲ್ಲಾಡುವುದು ನಿಲ್ಲುವ ತನಕ ಅವನು ಹಿಂದೆ ಹಿಂದೆಯೇ ನಡೆದು ನನ್ನ ಹತ್ತಿರ ಬಂದು ಕೂತ. ಆಗ ನಡುಗತೊಡಗಿದ. ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ಕಲ್ತಪ್ಪದ ಡಬ್ಬ ಅವನ ಚೀಲದಲ್ಲಿಯೇ ಇತ್ತು, ಮುಚ್ಚಳ ಬಿಗಿಯಾಗಿ ಮುಚ್ಚಿದ್ದ. ಅದನ್ನೂ ರಾತ್ರಿ ಅವನೇ ನೆನಪಿಟ್ಟು ಮಾಡಿದ್ದು.

ಇಳಿಯುವಾಗ ನನ್ನ ಮೊಣಕಾಲಿಗೆ ಕರವಸ್ತ್ರ ಕಟ್ಟಿ, ಕೈ ಹಿಡಿದು ನಡೆಸಿದ. ತೋಟದ ಗೇಟು ಬಂದಾಗ ಒಂದೇ ಮಾತು ಹೇಳಿದ: "ಮಾಮ, ಉಮ್ಮನ ಹತ್ತಿರ ಹೇಳುವುದು ಬೇಡ." ಯಾವುದನ್ನು ಅಂತ ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದೆವು. ಒಂಬತ್ತು ಗಂಟೆಗೆ, ಬಡಗ ಗೆಳೆಯ ಮುಂದೆ ಕೋಲು ಬಡಿಯುತ್ತಾ, ಹುಡುಗ ನಡುವೆ, ನಾನು ಹಿಂದೆ. ಇಯರ್‌ಫೋನ್ ಮನೆಯಲ್ಲಿ. ಪ್ರತಿ ತಿರುವಿಗೂ ಹುಡುಗನೇ ಕೂಗು ಹಾಕುತ್ತಿದ್ದ, ಕೂಗಿ ನಿಂತು ಆಲಿಸಿ ಆಮೇಲೆ ಮುಂದೆ.

ತಂಗಿಗೆ ಕರಡಿ ಕಂಡದ್ದಷ್ಟೇ ಗೊತ್ತು. ಮಾಮ ಪಕ್ಕದಲ್ಲೇ ಇದ್ದರು ಅಂತ ಅವನು ಹೇಳಿದ್ದಾನೆ. ಅವಳು ಇಲ್ಲಿ ಬರುವ ಬರಹಗಳನ್ನೆಲ್ಲ ಓದುತ್ತಾಳೆ, ಇದನ್ನೂ ಓದುತ್ತಾಳೆ.