ಧೂಳಿಲ್ಲದ ಕೋಣೆಗಳು

ಬೆಂಗಳೂರಿನ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳು ಕಾಣುವುವು. ಊರಿನ ಹಳಬರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. ಜಮ್‌ಸೆಟ್‌ಜಿ ಟಾಟಾ ಅವರ ಧನವೂ ಮೈಸೂರಿನ ಅರಸರು ದಯಪಾಲಿಸಿದ 371 ಎಕರೆ ನೆಲವೂ ಕೂಡಿ 1909ರಲ್ಲಿ ಈ ಸಂಸ್ಥೆ ಹುಟ್ಟಿತು. ಗೋಪುರವುಳ್ಳ ಕಲ್ಲಿನ ಮುಖ್ಯ ಭವನವನ್ನೂ ಅದರ ಮುಂದಿನ ಟಾಟಾ ಅವರ ಪ್ರತಿಮೆಯನ್ನೂ ನೋಡಿ, ನೆರಳಿನಲ್ಲಿ ನಾಲ್ಕು ಹೆಜ್ಜೆ ನಡೆದು, ಬಂದವರು ಸಾಮಾನ್ಯವಾಗಿ ಹಿಂದಿರುಗುವರು. ವಾಚಕರು ನನ್ನೊಡನೆ ಇನ್ನೂ ಸ್ವಲ್ಪ ಮುಂದೆ, 2010ರಲ್ಲಿ ಸ್ಥಾಪಿತವಾದ ನ್ಯಾನೋವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರದವರೆಗೆ ಬರಬೇಕು.

ಹೀಗೆ ಕರೆಯುವುದಕ್ಕೆ ಕಾರಣವುಂಟು. ಮಗನೋ ಮಗಳೋ ಈ ವಿದ್ಯೆಯನ್ನು ಕಲಿಯುವೆನೆಂದು ಹೊರಟಿರುವ ಮನೆಗಳಲ್ಲಿ ಯಾರಾದರೊಬ್ಬರು, “ಇನ್ನು ಅದನ್ನೆಲ್ಲ ಕೃತಕ ಬುದ್ಧಿಮತ್ತೆಯೇ ಮಾಡಿಬಿಡುವುದಂತೆ, ನಾಲ್ಕು ವರ್ಷ ಹಣ ಸುರಿದು ಫಲವೇನು?” ಎಂದು ಕೇಳಿಯೇ ಕೇಳುವರು. ಪ್ರಶ್ನೆ ಸಾಧುವಾದುದೇ. ಆದರೆ ಅಲ್ಲಿ ನಡೆಯುವ ಕೆಲಸವೇನೆಂಬುದನ್ನು ತಿಳಿಯದೆ ಉತ್ತರ ಹೇಳುವುದು ಮಣ್ಣನ್ನು ನೋಡದೆ ಬೀಜವನ್ನು ಹಳಿದಂತೆ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ ನ್ಯಾನೋಮೀಟರು. ತಲೆಗೂದಲಿನ ಒಂದು ಎಳೆಯ ದಪ್ಪ ಇಂತಹ 80,000 ಭಾಗಗಳಷ್ಟಾದೀತು. ಈ ಅಳತೆಯ ಕೆತ್ತನೆಗೆ ಧೂಳಿನ ಕಣವೊಂದು ಬಂಡೆಗೆ ಸಮಾನ. ಆದುದರಿಂದ ಇಲ್ಲಿಯ ಅತಿ ಶುದ್ಧವಾದ ಕೋಣೆಗಳಲ್ಲಿ, ಒಂದು ಘನ ಅಡಿ ಗಾಳಿಯೊಳಗೆ, ಅರ್ಧ ಮೈಕ್ರಾನೂ ಅದಕ್ಕೆ ಮೇಲ್ಪಟ್ಟೂ ಇರುವ ಕಣಗಳು ನೂರನ್ನು ಮೀರಕೂಡದು. ಒಳಹೊಗುವವರು ತಲೆಯಿಂದ ಕಾಲಿನವರೆಗೆ ಮುಸುಕಿನ ಉಡುಪನ್ನು ಧರಿಸತಕ್ಕದ್ದು. ನಮ್ಮ ಅಜ್ಜಿಯರ ಮಡಿಯೂ ಇದರ ಮುಂದೆ ಸಡಿಲವೇ! ಬೆಳಕಿನಿಂದ ಚಿತ್ರ ಮೂಡಿಸುವ ಕೋಣೆಯಲ್ಲಿ ದೀಪವೆಲ್ಲ ಹಳದಿ. ನೀಲಿಯ ಕಿರಣ ತಗುಲಿದರೆ ಸಿಲಿಕಾನ್ ಬಿಲ್ಲೆಯ ಮೇಲಣ ಲೇಪ ಕೆಡುವುದು.

ಆ ಬಿಲ್ಲೆಯಲ್ಲಿ ಕಿರಿದಾಗಿಯೂ ಆಳವಾಗಿಯೂ ಇರುವ ರಂಧ್ರವನ್ನು ಕೊರೆಯಬೇಕಾದರೆ ಪ್ಲಾಸ್ಮಾ ಎಂಬ ವಿದ್ಯುದಾವಿಷ್ಟ ಅನಿಲವನ್ನು ಬಳಸುವರು. ಅನಿಲಗಳ ಪ್ರಮಾಣ, ಒತ್ತಡ, ವಿದ್ಯುಚ್ಛಕ್ತಿ, ಶಾಖ, ಕಾಲ, ಇವುಗಳಲ್ಲಿ ಒಂದನ್ನು ತಿದ್ದಹೋದರೆ ಇನ್ನೊಂದು ಕೆಡುವುದು. ಈ ಹೊಂದಾಣಿಕೆಗೆ ಇಂಜಿನಿಯರರು ಇಟ್ಟಿರುವ ಹೆಸರು ರೆಸಿಪಿ, ಎಂದರೆ ಪಾಕವಿಧಿಯೆಂದೇ. ಮೈಸೂರು ಪಾಕನ್ನು ಮಾಡಬಲ್ಲ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಸಕ್ಕರೆ ತುಪ್ಪಗಳ ತೂಕವಿರುವುದು, ಹದವಿರುವುದಿಲ್ಲ.

ಹದ ಯಂತ್ರಕ್ಕೆ ಬಂದೀತೆ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಬೆಂಗಳೂರಿನಲ್ಲಿಯೂ ಶಾಖೆಯುಳ್ಳ ಅಮೆರಿಕೆಯ ಲ್ಯಾಮ್ ರಿಸರ್ಚ್ ಕಂಪೆನಿಯವರು, ಗಣಕದೊಳಗೇ ಒಂದು ಕೊರೆಯುವ ಯಂತ್ರವನ್ನು ಕಲ್ಪಿಸಿ, ಅತ್ಯಲ್ಪ ವೆಚ್ಚದಲ್ಲಿ ಸರಿಯಾದ ಪಾಕವನ್ನು ಕಂಡುಹಿಡಿಯುವ ಪಂದ್ಯವನ್ನು ಇಂಜಿನಿಯರರಿಗೂ ಗಣಕದ ಬುದ್ಧಿಗೂ ಒಡ್ಡಿದರು. ಫಲಿತಾಂಶವು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂಟಿಯಾಗಿ ಹೊರಟ ಯಂತ್ರಬುದ್ಧಿ ನುರಿತ ಇಂಜಿನಿಯರನ ಮುಂದೆ ಬಹುಮಟ್ಟಿಗೆ ಸೋತಿತು. ಆದರೆ ಮನುಷ್ಯನು ಮೊದಲು ದಾರಿ ಹಿಡಿದು ಗುರಿಯ ಸಮೀಪಕ್ಕೆ ತಂದು, ಕೊನೆಯ ತಿದ್ದುಪಾಟನ್ನು ಯಂತ್ರಕ್ಕೆ ಒಪ್ಪಿಸಿದಾಗ ವೆಚ್ಚವು ಅರ್ಧಕ್ಕೆ ಇಳಿಯಿತು. ಮೊದಲ ನಡೆಗೆ ಅನುಭವ ಬೇಕು. ಕೊನೆಯ ಸೂಕ್ಷ್ಮಕ್ಕೆ ಬೇಸರವಿಲ್ಲದ ಲೆಕ್ಕ ಸಾಕು.

ಇದನ್ನು ಓದಿ ಸಮಾಧಾನಪಡುವವರು ಹಲವರು. ನನಗೆ ಅಷ್ಟು ಸಮಾಧಾನವಿಲ್ಲ. ಆ ಕೊನೆಯ ತಿದ್ದುಪಾಟು, ಸೂಕ್ಷ್ಮದರ್ಶಕದ ನೂರಾರು ಚಿತ್ರಗಳನ್ನು ಅಳೆದು ಬರೆದಿಡುವ ಚಾಕರಿ, ಇವು ಹೊಸದಾಗಿ ಸೇರಿದ ಹುಡುಗರ ಪಾಲಿಗೆ ಬರುತ್ತಿದ್ದ ಕೆಲಸ. ಅನ್ನ ದೊರೆಯುತ್ತಿದ್ದುದು ಅದರಿಂದ. ಕಣ್ಣು ಪಳಗುತ್ತಿದ್ದುದೂ ಅದರಿಂದಲೇ. ಏಣಿಯ ಕೆಳಗಿನ ಮೆಟ್ಟಿಲನ್ನು ಯಂತ್ರ ತೆಗೆದುಕೊಂಡರೆ, ಮೇಲಿನ ಮೆಟ್ಟಿಲಿನ ಅನುಭವಶಾಲಿ ಎಲ್ಲಿಂದ ಬರಬೇಕು? ಪಂದ್ಯದಲ್ಲಿ ಗೆದ್ದವನೂ ಒಂದು ಕಾಲದಲ್ಲಿ ಬಿಲ್ಲೆಗಳನ್ನು ಹಾಳುಮಾಡಿ ಕಲಿತವನೇ ಆಗಿರಬೇಕು.

ಕೆಲಸವೇ ಕಡಮೆಯಾಗುವುದೆಂದು ಮಾತ್ರ ನಾನು ನಂಬಲಾರೆ. ಯಂತ್ರಬುದ್ಧಿಗೂ ಒಂದು ಒಡಲು ಬೇಕಷ್ಟೆ. ಅದನ್ನು ಕಟ್ಟುವವರು ಈ ಕೋಣೆಗಳ ಜನರೇ. ಇದೇ ಕೇಂದ್ರದ ಶ್ರೀತೋಷ್ ಗೋಸ್ವಾಮಿಯವರ ತಂಡವು 2024ರಲ್ಲಿ ಪ್ರಕಟಿಸಿದ ಅಣುಗಳ ಪೊರೆಯೊಂದು 16,500 ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಬಲ್ಲುದು. ವಾಡಿಕೆಯ ಗಣಕದ ಅಂಶಕ್ಕೆ ಇರುವ ಸ್ಥಿತಿಗಳು ಎರಡೇ. ಕೃತಕ ಬುದ್ಧಿಮತ್ತೆಯ ಲೆಕ್ಕಗಳನ್ನು ಕಡಮೆ ವಿದ್ಯುತ್ತಿನಲ್ಲಿ ಮಾಡಿಸುವುದು ಅದರ ಉದ್ದೇಶ.

ಕಲಿಕೆಯ ವಿಷಯಕ್ಕೆ ಬರೋಣ. ಹಿಂದೆ ಹೇಳಿದ ಕಂಪೆನಿಯೇ 2023ರಲ್ಲಿ, ಭಾರತದ 60,000 ಇಂಜಿನಿಯರರವರೆಗೆ ಗಣಕದೊಳಗಿನ ಕಲ್ಪಿತ ಕಾರ್ಖಾನೆಯ ಮೂಲಕ ತರಬೇತು ಕೊಡುವುದಾಗಿ ಮುಂದೆ ಬಂದಿತು. ಈ ಕೇಂದ್ರವೂ ಅದರಲ್ಲಿ ಕೈಜೋಡಿಸಿತು. ಕೋಟ್ಯಂತರ ಬೆಲೆಯ ಯಂತ್ರವನ್ನು ಪ್ರತಿ ಕಾಲೇಜಿನಲ್ಲೂ ಇಡಲಾಗದ ದೇಶಕ್ಕೆ ಇದು ಉಪಕಾರವೇ ಸರಿ. ಆದರೂ ಕಲ್ಪಿತ ಬಿಲ್ಲೆ ಕೈಜಾರಿ ಒಡೆಯುವುದಿಲ್ಲ. ಅದರ ಮೇಲೆ ಧೂಳೂ ಕೂರುವುದಿಲ್ಲ.

ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಶುಲ್ಕವನ್ನೂ ಊಟವಸತಿಯನ್ನೂ ವಿಚಾರಿಸುವರು. ಹುಡುಗಿಯು ವರ್ಷಕ್ಕೆ ಎಷ್ಟು ದಿನ ಉಡುಪು ತೊಟ್ಟು ಧೂಳಿಲ್ಲದ ಕೋಣೆಯೊಳಗೆ ನಿಲ್ಲುವಳೆಂಬುದನ್ನೂ ವಿಚಾರಿಸಲಿ. ಬೇರೆ ಕಾಲೇಜುಗಳವರಿಗೂ ಇಲ್ಲಿ ಬಾಗಿಲು ಮುಚ್ಚಿಲ್ಲ. ಹೊರಗಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಂದು ಕೈಯಾರೆ ಕೆಲಸ ಮಾಡಲೆಂದು, ಕೇಂದ್ರ ಸರ್ಕಾರದ ಸಹಾಯದಿಂದ, ಈ ಸಂಸ್ಥೆಯೂ ಮುಂಬಯಿಯ ಐ.ಐ.ಟಿ.ಯೂ 2008ರಲ್ಲಿಯೇ ಒಂದು ಏರ್ಪಾಡನ್ನು ಆರಂಭಿಸಿದವು.