ದೆಹಲಿಯ ಹುಲ್ಲುಹಾಸಿನ ಮೇಲೆ

ದೆಹಲಿ ಪ್ರವಾಸಕ್ಕೆ ಹೋದವರು ಇಂಡಿಯಾ ಗೇಟಿನ ಮುಂದೊಂದು, ಹುಮಾಯೂನನ ಸಮಾಧಿಯ ಮುಂದೊಂದು ಫೋಟೋ ತೆಗೆಸಿಕೊಳ್ಳದೆ ಬರುವುದುಂಟೇ? "ಏ ಪುಟ್ಟಾ, ಮುಖ ಎತ್ತೋ, ಇತ್ಲಾಗೆ ನೋಡೋ" ಅಂತ ಮಕ್ಕಳನ್ನು ಗದರಿಸಿ ನಿಲ್ಲಿಸುತ್ತೇವೆ. ಫೋಟೋ ಅಂದಮೇಲೆ ಮುಖ ಕಾಣಬೇಡವೇ?

ಆದರೆ ಇದೇ ಜಾಗಗಳಲ್ಲಿ ಮುಖ ಕಾಣದಂತೆ ಎಚ್ಚರವಹಿಸಿ ತೆಗೆದ ಫೋಟೋಗಳೂ ಇವೆ, ಗೊತ್ತೇ? ತೆಗೆದವರು ಸುನಿಲ್ ಗುಪ್ತಾ. 1953ರಲ್ಲಿ ದೆಹಲಿಯಲ್ಲೇ ಹುಟ್ಟಿ, ಹದಿಹರೆಯದಲ್ಲಿ ಮನೆಯವರೊಂದಿಗೆ ಕೆನಡಾದ ಮಾಂಟ್ರಿಯಲ್‌ಗೆ ಹೋದವರು. 1976ರಲ್ಲಿ ನ್ಯೂಯಾರ್ಕಿನಲ್ಲಿ ಎಂ.ಬಿ.ಎ. ಓದು ಬಿಟ್ಟು ಕ್ಯಾಮೆರಾ ಹಿಡಿದರು. ಅಲ್ಲಿನ ಕ್ರಿಸ್ಟೋಫರ್ ಸ್ಟ್ರೀಟಿನಲ್ಲಿ ತಮ್ಮಂಥ ಸಲಿಂಗಪ್ರೇಮಿಗಳು ಹಾಡುಹಗಲೇ ತಲೆಯೆತ್ತಿ ನಡೆಯುವುದನ್ನು ಕಂಡು ಅವರ ಚಿತ್ರ ತೆಗೆದರು. ಆಮೇಲೆ ನೆಲೆಸಿದ್ದು ಲಂಡನ್ನಿನಲ್ಲಿ.

ಹುಟ್ಟೂರಿನಲ್ಲಿ ಇಂಥವರ ಬದುಕು ಹೇಗಿದೆ? ಅದನ್ನು ತೋರಿಸಲೆಂದೇ ದೆಹಲಿಗೆ ಬಂದು 1986–87ರಲ್ಲಿ ‘ಎಕ್ಸೈಲ್ಸ್’ ಎಂಬ ಚಿತ್ರಮಾಲೆ ಮಾಡಿದರು. ಎಕ್ಸೈಲ್ಸ್ ಅಂದರೆ ದೇಶಭ್ರಷ್ಟರು. ಸ್ವಂತ ಊರಲ್ಲಿರುವವರು ದೇಶಭ್ರಷ್ಟರು ಹೇಗಾಗ್ತಾರೆ ಅಂತೀರಾ? ಆಗ 377ನೆಯ ಕಲಮಿನ ಪ್ರಕಾರ ಆ ಸಂಬಂಧ ಅಪರಾಧ. ಜೀವಾವಧಿ ಶಿಕ್ಷೆಗೂ ಅವಕಾಶವಿತ್ತು. ಅದರ ಮೇಲೆ ಮನೆಯವರಿಗೆ ತಿಳಿದೀತೆಂಬ ಅಂಜಿಕೆ ಬೇರೆ. ಹಾಗಾಗಿ ಗುಪ್ತಾ ಕದ್ದು ಚಿತ್ರ ತೆಗೆಯಲಿಲ್ಲ. ಒಪ್ಪಿದವರನ್ನೇ ಕರೆದೊಯ್ದು, ಮಾತಾಡಿಕೊಂಡು, ಹುಮಾಯೂನನ ಸಮಾಧಿ, ಹೌಜ್ ಖಾಸ್, ಇಂಡಿಯಾ ಗೇಟ್ ಮುಂತಾದೆಡೆ ಕೂರಿಸಿ ತೆಗೆದರು. ಹಲವರ ಮುಖ ನಮಗೆ ಕಾಣದು. ಚಿತ್ರದ ಕೆಳಗೆ ಅವರಾಡಿದ ಒಂದೆರಡು ಮಾತು, ಅಷ್ಟೇ.

1995ರಲ್ಲಿ ತಮಗೆ ಎಚ್‌.ಐ.ವಿ. ಇರುವುದು ತಿಳಿದಾಗಲೂ ಗುಪ್ತಾ ಕ್ಯಾಮೆರಾ ಕೆಳಗಿಡಲಿಲ್ಲ. ತಮ್ಮ ಕಾಯಿಲೆಯ ದಿನಗಳನ್ನೇ ಚಿತ್ರವಾಗಿಸಿದರು. 2005ರಲ್ಲಿ ಮತ್ತೆ ದೆಹಲಿಗೆ ಬಂದು ಕೆಲವು ವರ್ಷ ಇದ್ದರು. ಆಗಿನದೇ ‘ಮಿಸ್ಟರ್ ಮಲ್ಹೋತ್ರಾಸ್ ಪಾರ್ಟಿ’. ಇಲ್ಲದ ಒಬ್ಬರ ಹೆಸರಿನಲ್ಲಿ ‘ಖಾಸಗಿ ಪಾರ್ಟಿ’ ಎಂದು ಫಲಕ ಹಾಕಿ ಇವರೆಲ್ಲ ಸೇರುತ್ತಿದ್ದರಂತೆ, ಅದಕ್ಕೇ ಆ ಹೆಸರು. ಇಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಇವರು ಬೆನ್ನು ತಿರುಗಿಸಿಲ್ಲ. ದೆಹಲಿಯ ಬೀದಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಾರೆ!

ಕಾನೂನು ಮಾತ್ರ ಇನ್ನೂ ತೂಗಾಡುತ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟು ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು, ಪ್ರಾಪ್ತ ವಯಸ್ಕರ ಒಪ್ಪಿಗೆಯ ಪ್ರೀತಿ ಅಪರಾಧವಲ್ಲ ಎಂದಿತು. ಕೋರ್ಟು ಒಪ್ಪಿದ್ದಾಯಿತು. ಮನೆಗಳು?

ಮುಂದಿನ ಸಲ ದೆಹಲಿಗೆ ಹೋದಾಗ, ಬಿಸಿಲು ಇಳಿದಿರುವ ನವೆಂಬರ್ ತಿಂಗಳಾದರೆ ಒಳ್ಳೆಯದು, ಹುಮಾಯೂನನ ಸಮಾಧಿಯ ಹುಲ್ಲುಹಾಸಿನ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಗಂಡನ ನೆನಪಿಗೆ ಹಾಜಿ ಬೇಗಂ ಕಟ್ಟಿಸಿದ್ದೆಂದು ಪ್ರತೀತಿ. ಅವಳ ಪ್ರೀತಿಯನ್ನು ನೋಡಲು ನಾವು ಟಿಕೇಟು ಕೊಂಡು ಹೋಗುತ್ತೇವೆ. ಅದೇ ನೆರಳಿನಲ್ಲಿ ಮುಖ ಮರೆಸಿ ಕೂತವರೂ ಯಾರೋ ತಾಯಿಯ ಮಕ್ಕಳೇ ಅಲ್ವೇ? ನಮ್ಮ ಮಗುವೂ ಒಂದು ದಿನ ಬಂದು "ಅಮ್ಮಾ, ನಿನಗೊಂದು ಮಾತು ಹೇಳಬೇಕು" ಅಂದರೆ, ಕೂಡಲೇ ಗದರಿಸುವುದು ಬೇಡ. ಮುಖ ಎತ್ತಿ ಹೇಳುವಷ್ಟು ಧೈರ್ಯ ನಮ್ಮ ಮಡಿಲಲ್ಲಿ ಸಿಗಲಿ.